ತಕ್ಕಡಿಗೆ ಬಂದ ಸ್ಪೆಕ್ಟ್ರಮ್

ಅಟ್ಟದಿಂದ ಇಳಿಸಿದ ಕರಿ ಹಲಗೆಯಂಥದ್ದನ್ನು ರಾಯರು ಪಂಚೆಯ ಚುಂಗಿನಿಂದ ಒರೆಸಿ ಗುಜರಿಯವನ ಮುಂದಿಟ್ಟರು.

"ಏನ್ ಸ್ವಾಮಿ ಇದು, ಕ್ಯಾಲ್ಕುಲೇಟರಾ?"

"ಕಂಪ್ಯೂಟರ್ ಕಣಯ್ಯ! ಸಿಂಕ್ಲೇರ್ ಸ್ಪೆಕ್ಟ್ರಮ್. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. 48 ಕೆ.ಬಿ.ಯದಕ್ಕೆ ಆಗಲೇ 175 ಪೌಂಡು. ನಮ್ಮ ಭಾವ ಲಂಡನ್ನಿನಿಂದ ಹೊತ್ತು ತಂದರು."

"ಪರದೆ ಎಲ್ಲಿ?"

"ಟಿ.ವಿ.ಗೆ ಸಿಗಿಸಬೇಕು. ಆಟ ಕ್ಯಾಸೆಟ್ಟಿನಲ್ಲಿ. ಟೇಪ್‌ರೆಕಾರ್ಡರು ನಿಮಿಷಗಟ್ಟಲೆ ಕೀಂಯ್ ಅಂತ ಕಿರುಚಬೇಕು; ನಡುವೆ ಕೈಕೊಟ್ಟರೆ ಮತ್ತೆ ಮೊದಲಿಂದ."

ಗುಜರಿಯವನು ರಬ್ಬರ್ ಗುಂಡಿಯೊಂದನ್ನು ಒತ್ತಿದ. ಒಳಗೆ ಹೋಯಿತು, ಮೇಲೆ ಬರಲಿಲ್ಲ.

"ಹುಷಾರಯ್ಯ! 1976ರ ಆ್ಯಪಲ್-1 ಗೊತ್ತಾ? ಆಗ 666 ಡಾಲರು ಚಿಲ್ಲರೆ. 2014ರ ಹರಾಜಿನಲ್ಲಿ ಒಂದು 9,05,000 ಡಾಲರಿಗೆ ಹೋಯಿತು."

"ಅಂಥವು ಎಷ್ಟು ಮಾಡಿದ್ರು ಸ್ವಾಮಿ?"

"ಸುಮಾರು ಇನ್ನೂರು."

"ಇಂಥವು?"

ರಾಯರು ಕೆಮ್ಮಿದರು. "ಐವತ್ತು ಲಕ್ಷದ ಹತ್ತಿರ..."

(ನಮ್ಮಜ್ಜಿಯ ಹಿತ್ತಾಳೆ ಹಂಡೆಗೂ ನಾನು ಹೀಗೇ ಇತಿಹಾಸ ಹೇಳಿ, ಕೊನೆಗೆ ತೂಕಕ್ಕೇ ಕೊಟ್ಟವನು.)

"ಮೂಲ ಡಬ್ಬ, ಪುಸ್ತಕ, ಅಡಾಪ್ಟರು ಇದ್ಯಾ? ಇದ್ರೆ ಶೋಕಿಯವರು ಬೇರೇನೇ ರೇಟು ಕೊಡ್ತಾರೆ."

"ಡಬ್ಬ ಇದೆ! ಲೇ, ಆ ಸ್ಪೆಕ್ಟ್ರಮ್ ಡಬ್ಬ..."

ಒಳಗಿನಿಂದ ಉತ್ತರ ಬಂತು: "ಅದರಲ್ಲಿ ದಸರಾ ಗೊಂಬೆ ಇದೆ. ಡಬ್ಬ ಮಾತ್ರ ಕೊಡಲ್ಲ, ಹೇಳಿರ್ತೀನಿ!"

"ಅಡಾಪ್ಟರು?"

"ಅದನ್ನ ಹೋದ ವರ್ಷ ನೀನೇ ಒಯ್ದೆಯಲ್ಲೋ!"

ಗುಜರಿಯವನು ಮಾತಾಡದೆ ತಕ್ಕಡಿ ಎತ್ತಿದ. ಅರ್ಧ ಕಿಲೋಗಿಂತ ತುಸು ಮೇಲೆ ತೂಗಿತು.