ದಾವಣಗೆರೆಗೆ 24, ಹರಿಹರಕ್ಕೆ 15

ನಮ್ಮ ಕಡೆ ಕಂಪ್ಯೂಟರಿನಲ್ಲಿ ಏನೇ ಎಡವಟ್ಟಾದರೂ ರೋಗ ಒಂದೇ: ವೈರಸ್. ಹರಿಹರದ ದೊಡ್ಡಪ್ಪ ಪೆನ್‌ಡ್ರೈವ್ ಹಿಡಿದು ದಾವಣಗೆರೆಗೆ ಬಂದಾಗಲೂ ಹೇಳಿದ್ದು ಅದನ್ನೇ. "ಲೇ ತಮ್ಮಾ, ದೊಡ್ಡಾಕಿ ಲಗ್ನಪತ್ರಿಕೆ ಇದರಾಗೈತಿ. ಸಣ್ಣಾಕಿಗೆ ಹೆಸರು, ತಾರೀಖು ಅಷ್ಟೇ ಬದಲು ಮಾಡೋಣಂದ್ರ ಪೂರಾ ವೈರಸ್ ಬಡಿದೈತಿ." ತೆರೆದು ನೋಡಿದರೆ ಗಣಪತಿ ಸ್ತುತಿಯಿಂದ ಹಿಡಿದು 'ಸುಖಾಗಮನ ಬಯಸುವವರು' ತನಕ ಎಲ್ಲವೂ ತಲೆ ಮೇಲೆ ಕೋಡು ಮೂಡಿದ ಇಂಗ್ಲಿಷ್ ಅಕ್ಷರ.

ಇಂಥ ಹೊತ್ತಿನಲ್ಲಿ ಫಾಂಟು, ಬಣ್ಣ ಯಾವುದರ ಮುಲಾಜೂ ಇಲ್ಲದೆ ಫೈಲಿನ ಒಳಗಿದ್ದದ್ದನ್ನು ಇದ್ದಂತೆ ಹೇಳುವುದು ಟರ್ಮಿನಲ್ಲಿನ ಎಕ್ಸ್‌ಎಕ್ಸ್‌ಡಿ. ವಿಮ್ ಎಡಿಟರಿನ ಜೊತೆಗೇ ಬರುವ ಸಣ್ಣ ಪ್ರೋಗ್ರಾಂ. ಸಾಲಿಗೆ 16 ಬೈಟು; ಎಡಕ್ಕೆ ಹೆಕ್ಸ್ ಅಂಕಿ, ಬಲಕ್ಕೆ ಅದರದೇ ಅಕ್ಷರ. ಮೂರ್ತಿ ಒಂದೇ, ಎಡಬಲ ಬೇರೆ ಬೇರೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ತಪ್ಪದೆ ಹೋಗುವ ದೊಡ್ಡಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಮೊದಲು ಯುನಿಕೋಡಿನಲ್ಲಿ 'ದಾವಣಗೆರೆ' ಅಂತ ಬರೆದು ತೋರಿಸಿದೆ. ದಕಾರಕ್ಕೆ ಇ0 ಬಿ2 ಎ6, ಅದರ ದೀರ್ಘಕ್ಕೆ ಇ0 ಬಿ2 ಬಿಇ. ಹೀಗೆ ಒಂದೊಂದಕ್ಕೂ ಮೂರು ಬೈಟಿನಂತೆ ಒಟ್ಟು 24. ಎಕ್ಸ್‌ಎಕ್ಸ್‌ಡಿಗೆ ಕನ್ನಡ ಬಾರದು. ಬಲಗಡೆ ಬರೀ 24 ಚುಕ್ಕಿ. "ಹರಿಹರ ಹಾಕು ನೋಡಣ" ಅಂದರು. 15 ಬಂತು. ದೊಡ್ಡಪ್ಪನ ಮುಖ ಸಪ್ಪಗಾಯಿತು. "97ರಾಗ ಜಿಲ್ಲಾ ಮಾಡಿದಾಗ್ಲೂ ಹಿಂಗೇ ಆತು. ದೊಡ್ಡದೆಲ್ಲ ನಿಮಗೇ."

ಲಗ್ನಪತ್ರಿಕೆಯ ಫೈಲಿನಲ್ಲಾದರೋ ಅದೇ ದಾವಣಗೆರೆ ಒಂಬತ್ತೇ ಬೈಟಿಗೆ ಮುಗಿದಿತ್ತು: 7ಎ ಸಿ1 ಎಎ ಸಿ0 74 55 ಸಿ9 67 ಸಿ9. ಗುಟ್ಟು ಸಿಕ್ಕಿತು. ಇದು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಲೆಕ್ಕ. ಒಂದು ಬೈಟೂ ಕೆಟ್ಟಿಲ್ಲ. ಓದಲು ಬೇಕಾದ ಫಾಂಟು ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿಲ್ಲ, ಅಷ್ಟೇ.

ಇದನ್ನು ಯುನಿಕೋಡಿಗೆ ತರೋಣವೆಂದರೆ, ಊರಿನ ಎಷ್ಟೋ ಲಿಪಿ ಬಲ್ಲ ಐಕಾನ್ವ್ ಕಮಾಂಡಿಗೆ ಈ ನುಡಿ ಗೊತ್ತಿಲ್ಲ. ಬೈಟಿಗೆ ಬೈಟು ಬದಲಿಸಿದರೂ ಕೆಲಸ ಮುಗಿಯದು. 'ವರ್ಷ' ಅನ್ನುವಲ್ಲಿ ಹಳೆಯ ನುಡಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಕೊನೆಗೆ ಇಡುತ್ತದೆ. ಯುನಿಕೋಡು ಬಾಯಲ್ಲಿ ನುಡಿಯುವಂತೆ ಷಕಾರಕ್ಕಿಂತ ಮೊದಲು. ಈ ಅದಲು ಬದಲಿಗೆಂದೇ ಒಂದು ಪೈಥಾನ್ ಸ್ಕ್ರಿಪ್ಟ್ ಓಡಿಸಿದೆ. ಪತ್ರಿಕೆ ಅಚ್ಚಗನ್ನಡದಲ್ಲಿ ಎದ್ದು ಕೂತಿತು.

ಜೊತೆಗೆ ಬಂದಿದ್ದ ದೊಡ್ಡಮ್ಮ ಕನ್ನಡಕ ಏರಿಸಿ ಓದತೊಡಗಿದರು. ಓದುತ್ತಾ ಓದುತ್ತಾ ಹುಬ್ಬು ಗಂಟಾಯಿತು. "ಇದೇನ್ರೀ ಇದು? ನಮ್ಮಣ್ಣನ ಹೆಸರು ನಿಮ್ಮ ತಮ್ಮನ ಕೆಳಗೈತಿ! ಅದಕ್ಕೇ ಏನು ಅವತ್ತು ಅಣ್ಣ ಊಟ ಮಾಡದ ಎದ್ದು ಹೋಗಿದ್ದು?"

ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದರು. "ತಮ್ಮಾ, ಇದನ್ನ ವಾಪಸ್ ಮೊದಲಿನಂಗೇ ಮಾಡಾಕ ಬರ್ತೈತೇನು?"