ಟಗರಿನ ಎದುರು ಮಂಡಿಯೂರಿ

ಸಮರ್‌ಕಂದಕ್ಕೆ ಹೋಗಿಬಂದವರ ಫೋಟೊ ನೋಡಿ ನೋಡಿ, ಆ ನೀಲಿ ಗುಮ್ಮಟಗಳೆಲ್ಲ ನಮ್ಮ ಬೀದಿಯಲ್ಲೇ ಇವೆಯೇನೋ ಅನ್ನಿಸಿಬಿಟ್ಟಿತ್ತು. ಯಾರೂ ತೆಗೆಯದ ಊರಿನ ಫೋಟೊ ತೆಗೆಯಬೇಕೆಂಬ ಹಟದಲ್ಲಿ ಕಿರ್ಗಿಸ್ತಾನದ ಕರಾಕೋಲ್‌ಗೆ ಹೊರಟೆ. ಹೋಟೆಲಿನಲ್ಲಿ ಇಳಿದು ನೋಡಿದರೆ, ಅದೇ ಹಟ ತೊಟ್ಟ ಗುಂಪೊಂದು ಬೆಂಗಳೂರಿನಿಂದಲೇ ಬಂದು, ಮೊಳದುದ್ದದ ಲೆನ್ಸುಗಳನ್ನು ಒರೆಸುತ್ತ ಕೂತಿತ್ತು.

ಊರಿನ ಚರಿತ್ರೆ ಬೇಗ ಹೇಳಿ ಮುಗಿಸುತ್ತೇನೆ. ಚಳಿಗಾಲದಲ್ಲೂ ಹೆಪ್ಪುಗಟ್ಟದ ಇಸಿಕ್‌ಕುಲ್ ಸರೋವರದ ಪೂರ್ವಕ್ಕೆ, ತಿಯಾನ್‌ಶಾನ್ ಹಿಮಪರ್ವತಗಳ ಮಗ್ಗುಲಲ್ಲಿ 1869ರಲ್ಲಿ ರಷ್ಯನ್ನರು ಕಟ್ಟಿದ ದಂಡಿನ ಊರು. ಟಿಬೆಟ್‌ಗೆ ಹೊರಟಿದ್ದ ಅನ್ವೇಷಕ ಪ್ರಜೆವಾಲ್ಸ್ಕಿ 1888ರಲ್ಲಿ ಇಲ್ಲೇ ಜ್ವರ ಬಂದು ತೀರಿಕೊಂಡ; ಸೋವಿಯತ್ ಕಾಲದ ಬಹುಪಾಲು ಊರಿಗೆ ಅವನದೇ ಹೆಸರು. ಚೀನಾದಿಂದ ಓಡಿಬಂದ ದುಂಗನ್ ಮುಸ್ಲಿಮರು 1910ರ ಹೊತ್ತಿಗೆ ಕಟ್ಟಿ ಮುಗಿಸಿದ ಮರದ ಮಸೀದಿಯೊಂದಿದೆ. ನೋಡಲು ಥೇಟ್ ಚೀನೀ ದೇವಾಲಯ, ಒಂದೂ ಕಬ್ಬಿಣದ ಮೊಳೆ ಬಳಸಿಲ್ಲವಂತೆ. ಇಲ್ಲದ ಮೊಳೆಯ ಫೋಟೊ ತೆಗೆಯುವುದು ಹೇಗೆ ಎಂಬ ಚಿಂತೆಯಲ್ಲೇ ನನ್ನ ಶನಿವಾರ ಕಳೆಯಿತು.

ಭಾನುವಾರ ಬೆಳಕು ಹರಿಯುವ ಹೊತ್ತಿಗೇ ಊರಾಚೆ ಜಾನುವಾರು ಸಂತೆ. ಕುದುರೆ, ಹಸು, ಕುರಿ. ಅಲ್ಲಿನ ಕುರಿಗೆ ಬಾಲದ ಜಾಗದಲ್ಲಿ ಕೊಬ್ಬಿನ ದೊಡ್ಡ ಗಂಟು. ಕೊಳ್ಳುವವರು ಅದಕ್ಕೆ ಕೈಹಾಕಿ ಎತ್ತಿ ನೋಡಿಯೇ ಬೆಲೆ ಕಟ್ಟುತ್ತಾರೆ. ಮಾರಾಟಕ್ಕಿದ್ದ ಪ್ರಾಣಿಗಳನ್ನು ಬಿಟ್ಟರೆ ಆ ಬಯಲಿನಲ್ಲಿ ಸಸ್ಯಾಹಾರಿ ನಾನೊಬ್ಬನೇ.

ಬಿಳಿ ಕಲ್ಪಾಕ್ ಟೋಪಿಯ ಅಜ್ಜನೊಬ್ಬ ಕಪ್ಪು ಟಗರು ಹಿಡಿದು ನಿಂತಿದ್ದ. ಎಳೆಬಿಸಿಲು ಟಗರಿನ ಬೆನ್ನ ಮೇಲೇ ಬಿದ್ದಿತ್ತು. ಬಿಡುವುದುಂಟೇ? ಮಂಡಿಯೂರಿದೆ. ಎಡದಿಂದ ತೆಗೆದೆ, ಬಲದಿಂದ ತೆಗೆದೆ, ಲೆನ್ಸ್ ಬದಲಿಸಿ ಹಿಂದಿನಿಂದಲೂ ತೆಗೆದೆ. ಟಗರನ್ನು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸುವ ಗಿರಾಕಿಯನ್ನು ಅಜ್ಜ ತನ್ನ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಅದರ ಬಾಯಿ ಅಗಲಿಸಿ ಹಲ್ಲು ತೋರಿಸಿದ. ಹಲ್ಲಿನ ಕ್ಲೋಸಪ್ ತೆಗೆದೆ. ಬಾಲದ ಗಂಟು ಎತ್ತಿ ಹಿಡಿದ. ಅದನ್ನೂ ತೆಗೆದೆ. ಕೊನೆಗೆ ಕೈ ಚಾಚಿದ. ಮರ್ಯಾದಸ್ಥನಾದ ನಾನೂ ಚಾಚಿದೆ.

ಅಲ್ಲಿಂದ ಮುಂದೆ ಆ ಕೈ ನನ್ನದಾಗಿ ಉಳಿಯಲಿಲ್ಲ. ನಮ್ಮ ಕಡೆ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ಗುಟ್ಟಾಗಿ ಕುದುರುವ ವ್ಯಾಪಾರ ಅಲ್ಲಿ ಬಯಲಲ್ಲೇ, ಕೈ ಕುಲುಕುತ್ತಲೇ ಕುದುರುತ್ತದೆ. ಎಲ್ಲಿದ್ದನೋ, ದಲ್ಲಾಳಿಯೊಬ್ಬ ನುಗ್ಗಿಬಂದು ನಮ್ಮಿಬ್ಬರ ಕೈಗಳನ್ನು ಒಟ್ಟಿಗೆ ಹಿಡಿದು, ಬೋರ್‌ವೆಲ್ ಪಂಪು ಹೊಡೆದಂತೆ ಮೇಲೆ ಕೆಳಗೆ ಆಡಿಸತೊಡಗಿದ. ಅಜ್ಜ ಒಂದು ರೇಟು ಹೇಳಿದ. ಬೇಡವೆಂದು ತಲೆಯಾಡಿಸಿದೆ. ರೇಟು ಇಳಿಯಿತು. ಗಾಬರಿಯಿಂದ ಇನ್ನೂ ಜೋರಾಗಿ ತಲೆಯಾಡಿಸಿದೆ. ಮತ್ತೂ ಇಳಿಯಿತು. ಸುತ್ತ ಜನ ನೆರೆದರು. ನನ್ನ ಬಿಗಿಪಟ್ಟಿಗೆ ಅವರ ಕಣ್ಣುಗಳಲ್ಲಿ ಮೆಚ್ಚುಗೆ. ಮಲ್ಲೇಶ್ವರದ ಸೊಪ್ಪಿನವಳ ಹತ್ತಿರ ಒಂದು ರೂಪಾಯಿ ಇಳಿಸಲಾಗದ ನಾನು ಇಲ್ಲಿ ಟಗರಿನ ಬೆಲೆಯನ್ನು ಬರೀ ಕತ್ತಿನ ಬಲದಿಂದ ಇಳಿಸುತ್ತಿದ್ದೆ! ಬೇಡ ಬೇಡವೆನ್ನುತ್ತಲೇ, ಇನ್ನೊಂದು ಸಲ ಆಡಿಸಿ ನೋಡೋಣ ಅನ್ನಿಸಿದ್ದು ಸುಳ್ಳಲ್ಲ. ಆಡಿಸಿದೆ. ದಲ್ಲಾಳಿ ಕೊನೆಯದೊಂದು ಪಂಪು ಹೊಡೆದು ಕೈ ಬಿಟ್ಟ. ಯಾರೋ ಇಬ್ಬರು ನನ್ನ ಟ್ಯಾಕ್ಸಿಯ ಡಿಕ್ಕಿ ತೆಗೆದು ಟಗರನ್ನು ಒಳಗೆ ಕೂರಿಸಿಯೇಬಿಟ್ಟರು. ಅದು ನನ್ನ ಟ್ರೈಪಾಡ್ ಚೀಲದ ಮೇಲೆ ಗದ್ದ ಊರಿ, ಹೊರಡೋಣವೇ ಎಂಬ ಹಾಗೆ ನನ್ನನ್ನೇ ನೋಡಿತು.

ಚಾಲಕ ಬಂದು ವಿಷಯ ಬಿಡಿಸಿ ಹೇಳಿದ ಮೇಲೆ ಸಂತೆಗೆ ಸಂತೆಯೇ ನಕ್ಕಿತು. ಅಜ್ಜ ಮಾತ್ರ ನಗಲಿಲ್ಲ. ಅವನ ಕೈ ನನ್ನ ಕೈಯಲ್ಲಿದ್ದಷ್ಟು ಹೊತ್ತು ಬೇರೆ ಗಿರಾಕಿ ಹತ್ತಿರ ಸುಳಿದಿರಲಿಲ್ಲ, ಸಂತೆ ಆಗಲೇ ಕರಗುತ್ತಿತ್ತು. ಆಗ ಬೆಂಗಳೂರಿನ ಗುಂಪಿನ ಮುಖಂಡರು ಓಡಿಬಂದರು: "ಸಾರ್, ಡಿಕ್ಕಿಯಿಂದ ಇಳಿಸೋ ಫ್ರೇಮ್ ಮಿಸ್ ಆಯ್ತು. ಇನ್ನೊಂದ್ಸಲ ಹತ್ತಿಸಿ ಇಳಿಸೋಕೆ ಹೇಳ್ತೀರಾ?"

ನನಗೆ ಮೈ ಉರಿಯಿತು. ಆ ಮನುಷ್ಯ ಬಂದದ್ದು ಟಗರು ಮಾರಿ ಮನೆ ನಡೆಸುವುದಕ್ಕೆ, ನಮ್ಮ ಆಲ್ಬಂ ತುಂಬಿಸುವುದಕ್ಕಲ್ಲ. "ಹತ್ತಿಸೋಕೆ ನೀವೇ ಕೊಂಡ್ಕೊಳ್ಳಿ, ರೇಟು ಇಳಿಸಿಟ್ಟಿದ್ದೀನಿ" ಎಂದೆ. ಅವರು ನಕ್ಕು ಕುದುರೆಗಳ ಕಡೆ ಹೋದರು.

ಕರಾಕೋಲ್‌ಗೆ ಹೋಗುವವರಿಗೆ ಒಂದು ಮಾತು. ಆ ಸಂತೆ ಬೆಳಗಿನಲ್ಲೇ ಮುಗಿಯುತ್ತದೆ. ಮಾರುವವರ ಹೊತ್ತು ತಿನ್ನಬೇಡಿ. ಕೇಳಿ, ಒಂದು ಫೋಟೊ ತೆಗೆದು, ಗಿರಾಕಿಗೆ ಜಾಗ ಬಿಡಿ. ಯಾರಾದರೂ ಕೈ ಚಾಚಿದರೆ ಯೋಚಿಸಿ ಕೊಡಿ. ಟಗರನ್ನು ಕ್ಯಾಬಿನ್ ಬ್ಯಾಗೇಜಿನಲ್ಲಿ ಬಿಡುವುದಿಲ್ಲ.