ಮೊದಲು ಕೌಂಟರ್, ಆಮೇಲೆ ಡಾಕ್ಟರ್

ಇವರಿಗೆ,
ಶ್ರೀಯುತ ಕ್ಯಾಶ್ ಕೌಂಟರ್ ಅವರು,
ತುರ್ತು ಚಿಕಿತ್ಸಾ ವಿಭಾಗದ ಎದುರು, ನೆಲಮಹಡಿ,
ಹೆಸರು ಬೇಡವಾದ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಬೆಂಗಳೂರು.

ವಿಷಯ: ರೋಗಿಯ ನಾಡಿಗಿಂತ ಮೊದಲು ನಮ್ಮ ಜೇಬು ಹಿಡಿದು ನೋಡಿದ್ದಕ್ಕೆ ಕೃತಜ್ಞತೆ ಸಲ್ಲಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಈ ಪತ್ರವನ್ನು ನಾನು ಆಸ್ಪತ್ರೆಯ ಚೇರ್ಮನ್ನರಿಗೂ ಬರೆಯಬಹುದಿತ್ತು. ಆದರೆ ಅವರು ದರ್ಶನ ಕೊಡುವುದು ರಿಂಗ್ ರೋಡಿನ ಹೋರ್ಡಿಂಗಿನಲ್ಲಿ, ಅದೂ ಕೈಕಟ್ಟಿಕೊಂಡು. ದೊಡ್ಡ ಡಾಕ್ಟರಿಗೆ ಬರೆಯೋಣವೆಂದರೆ ಅವರು ಸದಾ ‘ಈಗಷ್ಟೇ ರೌಂಡ್ಸ್ ಮುಗಿಸಿ ಹೋದರು’ ಎಂಬ ಸ್ಥಿತಿಯಲ್ಲಿರುತ್ತಾರೆ. ಇಡೀ ಕಟ್ಟಡದಲ್ಲಿ ಹಗಲಿರುಳು ಒಂದೇ ಕಡೆ ಕೂತು, ಬಂದವರೆಲ್ಲರ ಮುಖ ನೋಡಿ ಮಾತಾಡಿಸುವವರು ತಾವೊಬ್ಬರೇ. ಆದ್ದರಿಂದ ಈ ಮನವಿ ತಮ್ಮ ಪಾದಾರವಿಂದಗಳಿಗೆ.

ನಮ್ಮ ಮಾವನವರಿಗೆ ರಾತ್ರಿ ಎದೆನೋವು ಬಂದು ತಮ್ಮಲ್ಲಿಗೆ ಕರೆತಂದಾಗ ಸ್ಟ್ರೆಚರ್ ಒಳಗೆ ಹೋಯಿತು, ನಾನು ತಮ್ಮ ಕಿಟಕಿಗೆ ಬಂದೆ. ‘ಪೇಷೆಂಟ್ ಕಡೆಯವ್ರು ಯಾರ್ರೀ?’ ಎಂದು ಕೂಗಿ ಕರೆದ ತಾವು ಕೇಳಿದ ಮೊದಲ ಪ್ರಶ್ನೆ, ನೋವು ಯಾವಾಗ ಶುರುವಾಯಿತು ಎಂದಲ್ಲ, ‘ಕ್ಯಾಶಾ, ಇನ್ಶೂರೆನ್ಸಾ?’ ಎಂದು. ಎರಡನೆಯದು, ‘ಅಡ್ವಾನ್ಸ್ ಎಷ್ಟು ಕಟ್ತೀರಾ?’ ಹೃದಯದ ಕಾಯಿಲೆಯಲ್ಲಿ ಒಂದೊಂದು ನಿಮಿಷವೂ ಅಮೂಲ್ಯ ಎಂದು ತಮ್ಮದೇ ಗೋಡೆಯ ಮೇಲೆ ಬರೆದಿದೆ. ಆ ನಿಮಿಷಗಳ ಬೆಲೆ ಸ್ವೈಪಿಂಗ್ ಮೆಷಿನ್ನಿಗೆ ಗೊತ್ತಿರುವಷ್ಟು ಇಸಿಜಿ ಮೆಷಿನ್ನಿಗೂ ಗೊತ್ತಿಲ್ಲವೆಂದು ಆ ರಾತ್ರಿ ನನಗೆ ಮನವರಿಕೆಯಾಯಿತು.

ತಮ್ಮ ಈ ಕರ್ತವ್ಯನಿಷ್ಠೆಗೆ ಕಾನೂನು ಸುಮ್ಮನೆ ಅಡ್ಡ ಬರುತ್ತಿದೆ ಎಂಬುದೇ ನನ್ನ ಕೊರಗು. ಸುಪ್ರೀಂ ಕೋರ್ಟು 1989ರಷ್ಟು ಹಿಂದೆಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ, ಆಸ್ಪತ್ರೆ ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ, ಪೊಲೀಸ್ ಕೇಸಿನ ವಿಧಿವಿಧಾನವೂ ಅದಕ್ಕೆ ಅಡ್ಡಿಯಾಗಕೂಡದು ಎಂದುಬಿಟ್ಟಿತು. ಅದು ಸಾಲದೆಂಬಂತೆ ನಮ್ಮ ರಾಜ್ಯದವರು ಖಾಸಗಿ ವೈದ್ಯಕೀಯ ಸಂಸ್ಥೆಗಳಿಗಾಗಿ 2007ರಲ್ಲಿ ಒಂದು ಕಾಯ್ದೆ ಮಾಡಿ, 2017ರಲ್ಲಿ ಅದನ್ನು ತಿದ್ದಿದರು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು. ರೋಗಿ ತೀರಿಕೊಂಡರೆ ಬಾಕಿ ಇದೆಯೆಂದು ಶವವನ್ನು ಇಟ್ಟುಕೊಳ್ಳಬಾರದು. ಚಿಕಿತ್ಸೆಯ ದರಪಟ್ಟಿ ಎಲ್ಲರಿಗೂ ಕಾಣಬೇಕು. ರೋಗಿಯ ಹಕ್ಕುಗಳ ಸನ್ನದು ಬೇರೆ.

ಆ ತಿದ್ದುಪಡಿ ಬರುವ ಹೊತ್ತಿಗೆ ತಮ್ಮ ಬಳಗ ಎಷ್ಟು ನೊಂದಿತು ಎಂಬುದನ್ನು ನಾಡು ಮರೆತಿಲ್ಲ. ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಮಸೂದೆ ಹಿಡಿದು ಹೊರಟರೆ, 2017ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ ಖಾಸಗಿ ವೈದ್ಯರು ಅಲ್ಲಿಗೆ ಹೋಗಿ ಧರಣಿ ಕೂತರು. ರಾಜ್ಯದ ಉದ್ದಗಲಕ್ಕೂ ಒಪಿಡಿಗಳಿಗೆ ಬೀಗ ಬಿತ್ತು. ರೋಗಿಗೆ ಕಾಯುವುದನ್ನು ಕಲಿಸಿದವರು ಸರ್ಕಾರವನ್ನೂ ಕಾಯಿಸಿ ತೋರಿಸಿದರು. ಮಸೂದೆಯ ಹಲ್ಲುಗಳಲ್ಲಿ ಕೆಲವು ಉದುರಿದವು, ಉಳಿದದ್ದು ಕಾಯ್ದೆಯಾಯಿತು. ಉಳಿದ ಹಲ್ಲು ಇಂದಿಗೂ ಯಾರನ್ನೂ ಕಚ್ಚಿದಂತೆ ತಮ್ಮ ಮುಖದಲ್ಲಿ ಕಾಣುವುದಿಲ್ಲ. ಅಭಿನಂದನೆಗಳು.

ಇನ್ನು ಫಾರ್ಮಸಿಯ ವಿಚಾರ. ಒಳಗಿನಿಂದ ಸಿಸ್ಟರ್ ಚೀಟಿ ಕೊಡುತ್ತಾರೆ, ನಾನು ಓಡುತ್ತೇನೆ. ತರುವಷ್ಟರಲ್ಲಿ ಇನ್ನೊಂದು ಚೀಟಿ ಸಿದ್ಧವಿರುತ್ತದೆ. ಗ್ಲೌಸು, ಸಿರಿಂಜು, ಕ್ಯಾನುಲಾ, ಮತ್ತೆ ಗ್ಲೌಸು. ಇಷ್ಟೊಂದು ಗ್ಲೌಸಿಗೆ ಕೈಗಳೆಷ್ಟು ಎಂದು ಕೇಳುವ ಧೈರ್ಯ ಐಸಿಯು ಬಾಗಿಲಲ್ಲಿ ಯಾರಿಗೂ ಬರುವುದಿಲ್ಲ. ಆ ಬಾಗಿಲಿನ ಶಕ್ತಿಯೇ ಅಂಥದು. ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿತ್ತು. ಕೆಲವು ಸಾಮಗ್ರಿಗಳ ಮೇಲೆ ಶೇಕಡಾ 1,737ರವರೆಗೆ ಲಾಭ ಕಂಡಿತು. ಅಷ್ಟಾದರೂ ಎಂಆರ್‌ಪಿ ಮೀರಿರಲಿಲ್ಲ. ಸಗಟಾಗಿ ಕೊಳ್ಳುವವರು ಕೇಳಿದರೆ ತಯಾರಕರು ಎಂಆರ್‌ಪಿಯನ್ನೇ ಎತ್ತರಿಸಿ ಅಚ್ಚು ಹಾಕಿಕೊಡುತ್ತಾರೆ, ಮೀರುವ ಪ್ರಮೇಯವೇ ಬಾರದು. ಕಾನೂನಿಗೆ ಇಷ್ಟು ವಿಧೇಯವಾದ ಲಾಭವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ಟೆಂಟಿನ ವಿಷಯದಲ್ಲಿ ತಮಗೆ ಅನ್ಯಾಯವಾಗಿದೆ, ಒಪ್ಪುತ್ತೇನೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಾದಾ ಸ್ಟೆಂಟಿಗೆ 7,260, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿಬಿಟ್ಟಿತು. ಅದಕ್ಕೂ ಮುಂಚೆ ಅದೇ ವಸ್ತು ಲಕ್ಷ ದಾಟುತ್ತಿತ್ತು. ಆದರೂ ತಾವು ಎದೆಗುಂದದೆ, ಬಲೂನಿಗೆ, ಕ್ಯಾತಿಟರಿಗೆ, ‘ಪ್ಯಾಕೇಜಿ’ಗೆ ಆ ಪ್ರೀತಿಯನ್ನು ಹಂಚಿ ನಮ್ಮ ಬಿಲ್ಲನ್ನು ಒಂದು ಗೌರವಾನ್ವಿತ ಮೊತ್ತಕ್ಕೆ ತಂದಿರಿ.

‘ಸಾರ್, ಶೇರಿಂಗ್ ರೂಮ್ ಖಾಲಿ ಇಲ್ಲ, ಡೀಲಕ್ಸ್ ಒಂದಿದೆ’ ಎಂದು ತಾವು ಹೇಳಿದ ಧಾಟಿಯಲ್ಲಿ ಅದೃಷ್ಟ ಖುಲಾಯಿಸಿದವನಿಗೆ ಸುದ್ದಿ ಮುಟ್ಟಿಸುವ ಉತ್ಸಾಹವಿತ್ತು. ಡೀಲಕ್ಸಿಗೆ ಹೋದರೆ ಏರುವುದು ಬಾಡಿಗೆ ಮಾತ್ರವಲ್ಲ. ಅದೇ ಡಾಕ್ಟರು, ಅದೇ ಸ್ಟೆತಾಸ್ಕೋಪು, ಆದರೆ ಸೋಫಾ ಇರುವ ಕೋಣೆಗೆ ಬಂದರೆ ಅವರ ವಿಸಿಟ್ ಫೀಸೂ ಬೇರೆ. ಮೇಲಾಗಿ ಬಾಡಿಗೆ ಪಾಲಿಸಿಯ ಮಿತಿ ದಾಟಿದರೆ ಅನೇಕ ವಿಮಾ ಕಂಪನಿಗಳು ಬಾಡಿಗೆಯ ವ್ಯತ್ಯಾಸವನ್ನಷ್ಟೇ ಮುರಿದುಕೊಳ್ಳದೆ ಡಾಕ್ಟರ ಫೀಸು, ಥಿಯೇಟರ್ ಚಾರ್ಜುಗಳಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಹಾಕುತ್ತವೆ. ಈ ಗುಟ್ಟನ್ನು ಅಡ್ಮಿಷನ್ ದಿನ ಹೇಳಿ ನಮ್ಮ ಮನಸ್ಸು ಕೆಡಿಸುವುದು ಬೇಡವೆಂದು ಡಿಸ್ಚಾರ್ಜ್ ದಿನದವರೆಗೆ ಕಾಪಾಡಿದ ತಮ್ಮ ಸೂಕ್ಷ್ಮತೆಗೆ ಶರಣು.

ಡಿಸ್ಚಾರ್ಜ್ ದಿನವಂತೂ ಅವಿಸ್ಮರಣೀಯ. ಬೆಳಿಗ್ಗೆ ಡಾಕ್ಟರು ‘ಮನೆಗೆ ಹೋಗಬಹುದು’ ಎಂದರು. ಮಾವನವರು ಪಂಚೆ ಉಟ್ಟು, ಅಂಗಿ ತೊಟ್ಟು, ಚೀಲ ಕಟ್ಟಿಕೊಂಡು ಮಂಚದ ಅಂಚಿನಲ್ಲಿ ಕೂತರು. ರೈಲು ತಡವಾದ ಪ್ರಯಾಣಿಕನಂತೆ ಸಂಜೆಯವರೆಗೆ ಕೂತೇ ಇದ್ದರು. ‘ಟಿಪಿಎ ಅಪ್ರೂವಲ್ ಬಂದಿಲ್ಲ’, ‘ಫಾರ್ಮಸಿ ಕ್ಲಿಯರೆನ್ಸ್ ಆಗಿಲ್ಲ’, ‘ಸಿಸ್ಟಂ ಸ್ಲೋ ಇದೆ’. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿ, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಒಪ್ಪಿಗೆ ಕೊಡಬೇಕು, ತಡವಾದರೆ ಹೆಚ್ಚುವರಿ ಆಸ್ಪತ್ರೆ ಖರ್ಚು ಕಂಪನಿಯದೇ ಎಂದಿದೆ. ಒಳ್ಳೆಯ ನಿಯಮ. ಆದರೆ ಗಡಿಯಾರ ಓಡಲು ಶುರುವಾಗುವುದು ತಾವು ಕೋರಿಕೆ ಕಳಿಸಿದ ಮೇಲೆ. ಕಳಿಸುವುದಕ್ಕೆ ಮಧ್ಯಾಹ್ನದ ಊಟ, ಶಿಫ್ಟ್ ಬದಲಾವಣೆ ಎಲ್ಲ ಮುಗಿಯಬೇಕಲ್ಲ!

ಈಗ ಸ್ವಲ್ಪ ಹೊಟ್ಟೆಕಿಚ್ಚಿನ ಮಾತು. ಇದೇ ಊರಿನಲ್ಲಿ ಜಯದೇವ ಎಂಬ ಸರ್ಕಾರಿ ಸ್ವಾಯತ್ತ ಹೃದ್ರೋಗ ಸಂಸ್ಥೆಯಿದೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಅಲ್ಲಿ ‘ಚಿಕಿತ್ಸೆ ಮೊದಲು, ಪಾವತಿ ಆಮೇಲೆ’ ಎಂಬ ಪದ್ಧತಿ ಬೇರೂರಿತು. ತಮ್ಮ ಲೆಕ್ಕದ ಪ್ರಕಾರ ಅದು ಯಾವತ್ತೋ ದಿವಾಳಿಯಾಗಬೇಕಿತ್ತು. ಆಗಲಿಲ್ಲ, ಮೈಸೂರು, ಕಲಬುರಗಿಗೂ ಹಬ್ಬಿತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅಡ್ವಾನ್ಸ್ ಕಟ್ಟದ ರೋಗಿಯ ಮೇಲೂ ಔಷಧ ಕೆಲಸ ಮಾಡುತ್ತದೆ ಎಂಬ ಈ ವೈಜ್ಞಾನಿಕ ಸಂಗತಿ ತಮ್ಮ ಗಮನಕ್ಕೆ ಬಂದಿರಲಾರದು. ಸರ್ಕಾರಿ ಆಸ್ಪತ್ರೆಗಳೇನೂ ಸ್ವರ್ಗವಲ್ಲ. ಅಲ್ಲಿ ಹಾಸಿಗೆಗೆ ಕಾಯಬೇಕು, ಕಾರಿಡಾರಿನಲ್ಲಿ ಮಲಗಬೇಕು, ಸ್ಟ್ರೆಚರ್ ತಳ್ಳುವವನ ಕೈಗೆ ನೋಟು ತುರುಕಬೇಕಾದ ಕಡೆಗಳೂ ಇವೆ. ಜನ ಅದಕ್ಕೆ ಹೆದರಿಯೇ ಒಡವೆ ಅಡವಿಟ್ಟು ತಮ್ಮ ಕಿಟಕಿಗೆ ಬರುತ್ತಾರೆ. ತಮ್ಮ ವ್ಯಾಪಾರದ ಅರ್ಧ ಬಂಡವಾಳ ಆ ಹೆದರಿಕೆಯೇ.

ನಿದ್ದೆಗೆಟ್ಟು ಮಾವನವರನ್ನು ನೋಡಿಕೊಂಡ ಸಿಸ್ಟರುಗಳ ಬಗ್ಗೆ, ಡ್ಯೂಟಿ ಡಾಕ್ಟರ ಬಗ್ಗೆ ನನ್ನದು ಒಂದು ಕೊಂಕು ಮಾತೂ ಇಲ್ಲ. ಬಿಲ್ಲಿನ ಮೊತ್ತ ಅವರ ಸಂಬಳದ ಚೀಟಿಯವರೆಗೆ ಹೋಗುವುದಿಲ್ಲ. ಆದರೂ ಬಿಲ್ಲು ನೋಡಿ ಸಿಟ್ಟಾದವನು ಕೂಗಾಡುವುದು ಅವರ ಮೇಲೆಯೇ. ಅದು ತಪ್ಪು. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ತಡೆಯಲು 2009ರ ರಾಜ್ಯ ಕಾಯ್ದೆಯಿದೆ, ಇರಲೇಬೇಕು. ಆ ಕಾಯ್ದೆಯ ಬೋರ್ಡನ್ನು ತಾವು ಬಾಗಿಲಲ್ಲೇ ಕೆಂಪಕ್ಷರದಲ್ಲಿ, ಕನ್ನಡದಲ್ಲಿ, ಆಳೆತ್ತರಕ್ಕೆ ಹಾಕಿದ್ದೀರಿ. ರೋಗಿಯ ಹಕ್ಕುಗಳ ಸನ್ನದೂ ಇದೆ: ಲಿಫ್ಟಿನ ಪಕ್ಕ, ಪ್ಲಾಸ್ಟಿಕ್ ಗಿಡದ ಹಿಂದೆ, ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದ ಅಕ್ಷರದಲ್ಲಿ.

ನನ್ನ ಬೇಡಿಕೆ ಇಷ್ಟೇ. ಆ ಗಿಡವನ್ನು ಪಕ್ಕಕ್ಕೆ ಸರಿಸಿ. ಸನ್ನದನ್ನು ಕನ್ನಡದಲ್ಲಿ, ಕೆಂಪು ಬೋರ್ಡಿನಷ್ಟೇ ದೊಡ್ಡದಾಗಿ, ತಮ್ಮ ಕಿಟಕಿಯ ಮೇಲೇ ತೂಗುಹಾಕಿ. ‘ಅಡ್ವಾನ್ಸ್ ಎಷ್ಟು ಕಟ್ತೀರಾ’ ಎಂದು ತಾವು ಕೇಳುವಾಗ ಎದುರಿಗಿರುವವನು ತಲೆಯೆತ್ತಿ ಓದುವಂತಿರಲಿ. ಅದಕ್ಕೆ ತಗಲುವ ಖರ್ಚನ್ನು ಬೇಕಾದರೆ ‘ಮಿಸಲೇನಿಯಸ್’ ಎಂದು ನಮ್ಮ ಬಿಲ್ಲಿಗೇ ಸೇರಿಸಿ. ಆ ಕಲಮಿನಲ್ಲಿ ಏನೇನು ಬರುತ್ತದೆಂದು ಈವರೆಗೂ ಯಾರೂ ಕೇಳಿಲ್ಲ.

ಓದುಗರಲ್ಲೂ ಒಂದು ಮಾತು. ತುರ್ತು ಚಿಕಿತ್ಸೆಗೆ ಮೊದಲು ಹಣ ಕೇಳಿದರೆ ‘ಇದನ್ನು ಬರೆದು ಕೊಡಿ’ ಎನ್ನಿ. ಐಟಂವಾರು ಬಿಲ್ಲು ಕೇಳಿ ಪಡೆಯಿರಿ. ಕೊಡದಿದ್ದರೆ ಸಿಸ್ಟರ್ ಮೇಲೆ ಕೂಗಾಡಬೇಡಿ. ದೂರನ್ನು ಬರೆದು ಜಿಲ್ಲಾಧಿಕಾರಿ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಒಂದು ಪ್ರಾಧಿಕಾರವಿದೆ. ದೂರು ಬಾರದಿದ್ದರೆ ದೂರುಗಳೇ ಇಲ್ಲವೆಂದು ಅದು ವರದಿ ಬರೆಯುತ್ತದೆ.

ಇಂತಿ ತಮ್ಮ ವಿಧೇಯ,
ಪೇಷೆಂಟ್ ಕಡೆಯವನು

ಪ್ರತಿ: ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ, ಮಾನ್ಯ ಜಿಲ್ಲಾಧಿಕಾರಿಗಳು, ಅಧ್ಯಕ್ಷರು, ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ.